ಎರಡು ಬಕೆಟ್ಟು ನೀರು

ನಾನು ಕಾರು ಕೊಂಡ ಸಂಗತಿಯನ್ನು ಮೊದಲೇ ಒಪ್ಪಿಕೊಂಡುಬಿಡುವುದು ಲೇಸು. ಕನ್ನಡದಲ್ಲಿ ಎಂ.ಎ. ಮಾಡಿದವನಿಗೆ ಕಾರೇ ಎಂದು ಹುಬ್ಬೇರಿಸುವ ಓದುಗರ ಸಮಾಧಾನಕ್ಕಾಗಿ ಹೇಳುತ್ತೇನೆ: ಅದು ಹೊಸದಲ್ಲ. ಇಬ್ಬರು ಯಜಮಾನರ ಕೈಯಲ್ಲಿ ಪಳಗಿ, ಇಬ್ಬರ ಸ್ವಭಾವದ ಗುರುತುಗಳನ್ನೂ ಉಳಿಸಿಕೊಂಡು, ಮೂರನೆಯವನಾದ ನನ್ನಲ್ಲಿಗೆ 2023ರ ಡಿಸೆಂಬರಿನಲ್ಲಿ ಬಂದದ್ದು. ಎಡಬಾಗಿಲಿನ ತಗ್ಗು ಮೊದಲನೆಯವರದು. ಒಳಗಿನ ಸಿಗರೇಟಿನ ವಾಸನೆ ಎರಡನೆಯವರದು. ಬಣ್ಣದ ಆಯ್ಕೆ ಮಾತ್ರ ನನ್ನದು. ಮಾರುವವನು ಬೆಳ್ಳಿಯ ಬಣ್ಣದ ಇನ್ನೊಂದು ಗಾಡಿಯನ್ನೂ ತೋರಿಸಿದ್ದ. ಬೆಲೆಯೂ ಅಷ್ಟೇ, ಓಡಿದ ದೂರವೂ ಹೆಚ್ಚುಕಡಿಮೆ ಅಷ್ಟೇ. ಆದರೆ ‘ಕಡುನೀಲಿ’ ಎಂಬ ಶಬ್ದದ ಮಾಧುರ್ಯಕ್ಕೆ ನಾನು ಮನಸೋತೆ. ಸಾಹಿತ್ಯ ಓದಿದವರು ವಸ್ತುವನ್ನು ಕೊಳ್ಳುವುದಿಲ್ಲ, ವಿಶೇಷಣವನ್ನು ಕೊಳ್ಳುತ್ತಾರೆ.

ಕಡುನೀಲಿಯ ಕಾರು ಇದ್ದವರಿಗೆ ಮುಂದಿನದನ್ನು ಹೇಳಬೇಕಾಗಿಲ್ಲ. ಬೆಳ್ಳಿಯ ಬಣ್ಣ ದೊಡ್ಡ ಮನಸ್ಸಿನದು. ವಾರದ ಧೂಳನ್ನು ನುಂಗಿಕೊಂಡು ಏನೂ ಆಗದವರಂತೆ ನಿಂತಿರುತ್ತದೆ. ಕಡುನೀಲಿಯಾದರೋ ಚಾಡಿಕೋರ. ಹನುಮಂತನಗರದ ನಮ್ಮ ಬಾಡಿಗೆಯ ಮನೆಯ ಮುಂದೆ ಒಂದು ಹೊಂಗೆಯ ಮರವಿದೆ. ಅದರ ನೆರಳು ನಮಗೆ, ಅದರಲ್ಲಿ ಸಂಸಾರ ಹೂಡಿದ ಕಾಗೆಗಳ ಪ್ರಸಾದ ನಮ್ಮ ಕಾರಿಗೆ. ಹಕ್ಕಿಯ ಹಿಕ್ಕೆಯಲ್ಲಿ ಆಮ್ಲವಿರುತ್ತದೆ. ಬಿಸಿಲು ಕಾಯುವುದರೊಳಗೆ ಅದನ್ನು ನೆನೆಸಿ ತೆಗೆಯದಿದ್ದರೆ ಬಣ್ಣದ ಮೇಲೆ ಶಾಶ್ವತವಾದ ಮಚ್ಚೆ ಉಳಿಯುತ್ತದೆ. ಇದು ನನಗೆ ಗೊತ್ತಾದದ್ದು ಮೂರು ಮಚ್ಚೆಗಳ ಅನಂತರ.

ನಮ್ಮ ಬೀದಿಯಲ್ಲಿ ಬೆಳಗಿನ ಜಾವ ಒಬ್ಬ ಹುಡುಗ ಬಂದು ಕಾರುಗಳನ್ನು ಒರೆಸಿಹೋಗುತ್ತಾನೆ. ತಿಂಗಳಿಗೆ ಐದುನೂರು ರೂಪಾಯಿ. ನನ್ನ ಕಾರನ್ನೂ ಅವನಿಗೇ ಒಪ್ಪಿಸಿದೆ. ನಾನು ಏಳುವ ಹೊತ್ತಿಗೆ ಅವನು ಬಂದುಹೋಗಿರುತ್ತಿದ್ದುದರಿಂದ ಅವನ ಮುಖವನ್ನು ನೋಡುತ್ತಿದ್ದುದು ತಿಂಗಳ ಮೊದಲನೆಯ ತಾರೀಖು ಮಾತ್ರ. ಎರಡು ತಿಂಗಳು ಕಳೆದಿರಬಹುದು. ಒಂದು ಭಾನುವಾರ ಎಳೆಬಿಸಿಲು ಓರೆಯಾಗಿ ಬಾನೆಟ್ಟಿನ ಮೇಲೆ ಬಿದ್ದಾಗ ನೋಡುತ್ತೇನೆ, ಕಡುನೀಲಿಯ ತುಂಬ ಜೇಡನ ಬಲೆ! ಕೈಯಿಂದ ಸವರಿದರೆ ಹೋಗುವ ಬಲೆಯಲ್ಲ. ಬಣ್ಣದಲ್ಲಿಯೇ ಕೊರೆದ ಸಾವಿರಾರು ಸಣ್ಣ ಸುತ್ತುಗೆರೆಗಳು.

ವಿಚಾರಿಸಿ ತಿಳಿದುಕೊಂಡೆ. ಕಾರಿನ ಬಣ್ಣವೆಂದು ನಾವು ಕರೆಯುವುದು ಪದರಪದರವಾದ ಲೇಪ. ತುಕ್ಕು ಹಿಡಿಯದಂತೆ ಕಾಯುವ ಪದರ, ಅದರ ಮೇಲೆ ಬಣ್ಣ, ಎಲ್ಲಕ್ಕೂ ಮೇಲೆ ಗಾಜಿನಂತೆ ಪಾರದರ್ಶಕವಾದ ಇನ್ನೊಂದು ಲೇಪ. ಎಲ್ಲ ಸೇರಿ ಒಂದು ಮಿಲಿಮೀಟರಿನ ಹತ್ತನೆಯ ಒಂದು ಪಾಲಿನಷ್ಟು ದಪ್ಪ. ಹೊಳಪೆಂಬುದೆಲ್ಲ ಆ ಮೇಲಿನ ಪಾರದರ್ಶಕ ಲೇಪದ್ದು. ಒಣಗಿದ ಧೂಳಿನ ಮೇಲೆ ಬಟ್ಟೆ ಎಳೆದರೆ ಧೂಳಿನಲ್ಲಿರುವ ಮರಳಿನ ಕಣಗಳು ಆ ಲೇಪವನ್ನು ಗೀರುತ್ತವೆ. ಅಂದರೆ ಕಾರು ಕೊಳೆಯಾಗಿದ್ದರೆ ಹಾಳಾಗುವುದಿಲ್ಲ. ತಪ್ಪಾಗಿ ಶುಚಿಯಾಗಿಟ್ಟರೆ ಹಾಳಾಗುತ್ತದೆ.

ಅಂದೇ ಹುಡುಗನನ್ನು ಬಿಡಿಸಿದೆ. “ನಾಳೆಯಿಂದ ಬೇಡಪ್ಪ, ನಾನೇ ತೊಳೆದುಕೊಳ್ಳುತ್ತೇನೆ” ಎಂದೆ. ಅವನು “ಸರಿ ಸಾರ್” ಎಂದು ಹೋದ. ಕಾರಣ ಕೇಳಲಿಲ್ಲ, ನಾನೂ ಹೇಳಲಿಲ್ಲ.

ನನ್ನ ಪ್ರಥಮ ಪ್ರಯೋಗವನ್ನು ವಿವರಿಸಲು ನಾಚಿಕೆಯಾಗುತ್ತದೆ. ಫೆಬ್ರವರಿಯ ಭಾನುವಾರ, ಮಧ್ಯಾಹ್ನ ಹನ್ನೆರಡು ಗಂಟೆ. ಬಿಸಿಲಿನಲ್ಲಿ ತೊಳೆದರೆ ಬೇಗ ಒಣಗುತ್ತದೆಂಬುದು ನನ್ನ ತರ್ಕ. ಅಡುಗೆಮನೆಯಿಂದ ಪಾತ್ರೆ ತೊಳೆಯುವ ಸೋಪಿನ ದ್ರವ, ನನ್ನದೇ ಒಂದು ನಿವೃತ್ತ ಬನಿಯನ್ನು, ನಲ್ಲಿಗೆ ಸಿಕ್ಕಿಸಿದ ರಬ್ಬರಿನ ಕೊಳವೆ: ಇಷ್ಟು ಪರಿಕರ. ಸೋಪು ಜಿಡ್ಡನ್ನು ತೆಗೆಯುವುದೇನೋ ನಿಜ. ಬಣ್ಣವನ್ನು ಕಾಪಾಡಲೆಂದು ಬಳಿದಿದ್ದ ಮೇಣವನ್ನೂ ಅದು ಜಿಡ್ಡೆಂದೇ ಭಾವಿಸಿ ತೆಗೆದುಹಾಕಿತು. ಕಾದ ತಗಡಿನ ಮೇಲೆ ನೀರು ಬೇಗ ಒಣಗಿದ್ದೂ ನಿಜ. ಒಣಗುವಾಗ ತನ್ನಲ್ಲಿದ್ದ ಸುಣ್ಣದಂಶವನ್ನೆಲ್ಲ ಬಿಟ್ಟುಹೋಯಿತು. ನಮ್ಮ ಮನೆಗೆ ಬರುವುದರಲ್ಲಿ ಕಾವೇರಿ ಅರ್ಧ, ಕೊಳವೆಬಾವಿ ಅರ್ಧ. ಅಂದು ಬಂದದ್ದು ಕೊಳವೆಬಾವಿಯ ಗಡಸು ನೀರಿರಬೇಕು. ಒಂದು ಗಂಟೆಗೆಲ್ಲ ನನ್ನ ಕಡುನೀಲಿ ಕಾರು ಮೈತುಂಬ ವಿಭೂತಿ ಬಳಿದುಕೊಂಡ ಶಿವಶರಣನಂತೆ ನಿಂತಿತ್ತು.

“ರೀ, ಮೊದಲೇ ಚೆನ್ನಾಗಿತ್ತಲ್ಲವೇ?” ಎಂದಳು ನನ್ನಾಕೆ. ಅವಳ ಪ್ರಶ್ನೆಗಳು ಹೀಗೆ ಉತ್ತರದೊಡನೆಯೇ ಬರುತ್ತವೆ.

ಎರಡನೆಯ ಪ್ರಯೋಗಕ್ಕೆ ಅವಕಾಶವಾಗಲಿಲ್ಲ. 2024ರ ಬೇಸಗೆಯನ್ನು ಬೆಂಗಳೂರಿನವರು ಮರೆತಿರಲಾರರು. ಹಿಂದಿನ ವರ್ಷ ಮಳೆ ಕೈಕೊಟ್ಟಿತ್ತು, ಕೊಳವೆಬಾವಿಗಳು ಒಂದೊಂದಾಗಿ ಬತ್ತಿದವು, ನಮ್ಮದೂ ಬತ್ತಿತು. ಮಾರ್ಚಿಯಲ್ಲಿ ಜಲಮಂಡಲಿಯ ಆಜ್ಞೆ ಹೊರಟಿತು: ಕುಡಿಯುವ ನೀರಿನಲ್ಲಿ ವಾಹನ ತೊಳೆಯುವಂತಿಲ್ಲ, ತೊಳೆದರೆ 5,000 ರೂಪಾಯಿ ದಂಡ. ಫೆಬ್ರವರಿಯ ನನ್ನ ಕೊಳವೆಯ ವೈಭವ ನೆನಪಾಗಿ ಮೈ ಬೆವರಿತು. ದಂಡದ ಭಯ ಒಂದು ಕಡೆ. ಲೆಕ್ಕದ ಭಯ ಇನ್ನೊಂದು ಕಡೆ. ನಮ್ಮ ನಲ್ಲಿಯ ಕಾವೇರಿ ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಿಂದ ಸುಮಾರು ನೂರು ಕಿಲೋಮೀಟರು ದೂರ ಬರಬೇಕು. ಹರಿದು ಬರುವುದಲ್ಲ, ಏರಿ ಬರುವುದು. ಮೂರು ಕಡೆ ಪಂಪುಗಳಿಟ್ಟು ಸುಮಾರು ಐದುನೂರು ಮೀಟರು ಎತ್ತರಕ್ಕೆ ಅದನ್ನು ಎತ್ತಿ ತರುತ್ತಾರೆ. ಹಾಗೆ ಬೆಟ್ಟ ಹತ್ತಿ ಬಂದ ನದಿಯನ್ನು ನಾನು ಟೈರಿಗೆ ಹೊಯ್ದಿದ್ದೆನೇ ಎಂದು ಪಿಚ್ಚೆನಿಸಿತು. ಎರಡು ತಿಂಗಳು ಕಾರು ಧೂಳು ಹೊದ್ದು ಮಲಗಿತು. ಹಿಂದಿನ ಗಾಜಿನ ಮೇಲೆ ಬೀದಿಯ ಮಕ್ಕಳು ಬೆರಳಿನಲ್ಲಿ ಬರೆದ ವಾಕ್ಯದಲ್ಲಿ ಒಂದು ಒತ್ತಕ್ಷರ ತಪ್ಪಿತ್ತು. ಮೇಷ್ಟರ ಅಭ್ಯಾಸ ಬಿಡದೆ ತಿದ್ದಿದೆ.

ಮಳೆ ಬಂತು. ಜೂನ್ 2ರಂದು ಒಂದೇ ದಿನ ನೂರು ಮಿಲಿಮೀಟರಿಗೂ ಮೀರಿ ಸುರಿಯಿತು. ಮಳೆನೀರು ಕೊಯ್ಲಿನ ಕಾನೂನು ಬೆಂಗಳೂರಿಗೆ 2009ರಲ್ಲೇ ಬಂದಿದ್ದರೂ ನಮ್ಮ ಮನೆಯ ಮಾಲೀಕರು ಆ ಬೇಸಗೆಯ ಬಿಸಿ ತಟ್ಟಿದ ಮೇಲೆಯೇ ತಾರಸಿಯ ಕೊಳವೆಯ ಕೆಳಗೆ ಎರಡು ದೊಡ್ಡ ನೀಲಿ ಡ್ರಮ್ಮುಗಳನ್ನಿರಿಸಿದ್ದರು. ಅವೆರಡೂ ತುಂಬಿ ಹೊರಚೆಲ್ಲಿದವು. ಅದರ ಮುಂದಿನ ವಾರ ಮೈಸೂರಿನಿಂದ ನನ್ನ ತಂದೆ ಬಂದರು.

ನನ್ನ ತಂದೆಯ ವಿಷಯವನ್ನು ಇಲ್ಲಿ ಹೇಳಬೇಕು. ಇದುವರೆಗೆ ಹೇಳಲಿಲ್ಲವೇಕೆ ಎಂದು ಓದುಗರು ಕೇಳಬಹುದು. ಆ ಪ್ರಶ್ನೆ ನನಗೆ ಹಳೆಯದು. ಅವರು ಮೈಸೂರಿನ ವಕೀಲರೊಬ್ಬರ ಮನೆಯಲ್ಲಿ ಮೂವತ್ತೊಂದು ವರ್ಷ ಕಾರು ನಡೆಸಿದರು. ಕಾರು ನಡೆಸುವುದೆಂದರೆ ಕೂತು ಚಕ್ರ ತಿರುಗಿಸುವುದಷ್ಟೇ ಅಲ್ಲ. ಬೆಳಗ್ಗೆ ಐದೂವರೆಗೆ ಹೋಗಿ ವಕೀಲರ ಬಿಳಿಯ ಅಂಬಾಸಿಡರನ್ನು ತೊಳೆದು ಒರೆಸಿ ನಿಲ್ಲಿಸುವುದರಿಂದ ಅವರ ದಿನ ಮೊದಲಾಗುತ್ತಿತ್ತು. ಶಾಲೆಯ ಅರ್ಜಿಗಳಲ್ಲಿ ‘ತಂದೆಯ ಉದ್ಯೋಗ’ ಎಂಬೊಂದು ಕಲಮು ಇರುತ್ತದಷ್ಟೆ. ಪ್ರೌಢಶಾಲೆಗೆ ಬರುವವರೆಗೆ ಅಲ್ಲಿ ‘ಡ್ರೈವರ್’ ಎಂದು ಬರೆಯುತ್ತಿದ್ದೆ. ಆಮೇಲೆ ಯಾರೂ ಹೇಳಿಕೊಡದೆಯೇ ‘ಖಾಸಗಿ ಸೇವೆ’ ಎಂದು ಬರೆಯತೊಡಗಿದೆ. ಕಾಲೇಜಿನ ಅರ್ಜಿಯಲ್ಲಿಯೂ ಅದೇ, ಕೆಲಸದ ಅರ್ಜಿಯಲ್ಲಿಯೂ ಅದೇ, ಮದುವೆಯ ಮಾತುಕತೆಗೆ ಕಳಿಸಿದ ಕಾಗದದಲ್ಲಿಯೂ ಅದೇ. ಹೇಳಬೇಕಾದುದನ್ನು ಬಳಸುಮಾತಿನಿಂದ ಹೇಳುವುದಕ್ಕೆ ಅಲಂಕಾರಶಾಸ್ತ್ರದಲ್ಲಿ ಪರ್ಯಾಯೋಕ್ತವೆಂದು ಹೆಸರು. ನಾನು ಅದನ್ನು ಪಾಠ ಮಾಡುವುದಕ್ಕೆ ಬಹಳ ಮೊದಲೇ ಬಳಸಿದವನು. ಪ್ರತಿವರ್ಷ ಬಿ.ಎ. ತರಗತಿಯಲ್ಲಿ ಹನ್ನೆರಡನೆಯ ಶತಮಾನದ ಶರಣರನ್ನು ಕುರಿತು, ಬಟ್ಟೆ ಮಡಿಮಾಡುತ್ತಿದ್ದ ಮಾಚಯ್ಯನನ್ನು ಕುರಿತು, ಕಾಯಕದ ಹಿರಿಮೆಯನ್ನು ಕುರಿತು ಐವತ್ತು ನಿಮಿಷ ಆವೇಶದಿಂದ ಮಾತಾಡುತ್ತೇನೆ. ವಿದ್ಯಾರ್ಥಿಗಳು ಬರೆದುಕೊಳ್ಳುತ್ತಾರೆ.

ಅಪ್ಪ ಬಂದ ಸಂಜೆ ಕಾರನ್ನು ಒಂದು ಸುತ್ತು ಬಂದರು. ಅಂಗೈಯನ್ನು ಬಾನೆಟ್ಟಿನ ಮೇಲೆ ಇಟ್ಟು, ಎತ್ತಿ ಬೆಳಕಿಗೆ ಹಿಡಿದು ನೋಡಿಕೊಂಡರು. ಏನೂ ಹೇಳಲಿಲ್ಲ. ವೈದ್ಯರು ಏನೂ ಹೇಳದೆ ಹೋದಾಗ ರೋಗಿಗೆ ಆಗುವಂಥ ಅನುಭವ ನನಗಾಯಿತು.

ಮರುದಿನ ಬೆಳಗ್ಗೆ ಐದೂವರೆಗೆ ಹೊರಗೆ ಬಕೆಟ್ಟಿನ ಸದ್ದಾಯಿತು. ಹೋಗಿ ನೋಡಿದರೆ ಪಂಚೆಯನ್ನು ಮೇಲಕ್ಕೆತ್ತಿ ಕಟ್ಟಿ, ಹೆಗಲ ಮೇಲೆ ಟವೆಲು ಹಾಕಿಕೊಂಡು, ಎಪ್ಪತ್ತರ ನನ್ನ ತಂದೆ ಚಕ್ರದ ಪಕ್ಕದಲ್ಲಿ ಕುಕ್ಕರುಗಾಲಿನಲ್ಲಿ ಕುಳಿತಿದ್ದಾರೆ! ಎದುರುಮನೆಯ ನಿವೃತ್ತ ಬ್ಯಾಂಕ್ ಅಧಿಕಾರಿಗಳು ವಾಯುವಿಹಾರಕ್ಕೆ ಹೊರಡುವ ವೇಳೆ ಅದು. ನಾನು ಓಡಿಹೋಗಿ, “ಅಪ್ಪಾ, ಏಳಿ, ಯಾರಾದರೂ ನೋಡಿದರೆ ಏನೆಂದುಕೊಂಡಾರು!” ಎಂದೆ.

“ಏನೆಂದುಕೊಳ್ಳುತ್ತಾರೆ?” ಎಂದು ಕೇಳಿದರು ಅಪ್ಪ. ವ್ಯಂಗ್ಯವಿರಲಿಲ್ಲ, ನಿಜವಾಗಿಯೂ ತಿಳಿಯುವುದಕ್ಕೆ ಕೇಳಿದಂತಿತ್ತು.

“ವಯಸ್ಸಾದ ತಂದೆಯ ಕೈಲಿ ಕೆಲಸ ಮಾಡಿಸುತ್ತಾನೆ ಮಗ, ಎಂದುಕೊಳ್ಳುವುದಿಲ್ಲವೇ?” ಎಂದೆ. ಉತ್ತರ ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ. ಬಾಗಿಲಲ್ಲಿ ನಿಂತಿದ್ದ ನನ್ನಾಕೆ ನನ್ನನ್ನೊಮ್ಮೆ ನೋಡಿ ಒಳಗೆ ಹೋದಳು.

ಅಪ್ಪ ಎದ್ದು ಬಟ್ಟೆಯನ್ನು ನನ್ನ ಕೈಗಿತ್ತರು. “ಹಾಗಾದರೆ ನೀನೇ ಮಾಡು. ನಾನು ಹೇಳುತ್ತೇನೆ” ಎಂದು ಮೆಟ್ಟಲಿನ ಮೇಲೆ ಕುಳಿತರು.

ಆ ಬೆಳಗಿನ ಪಾಠವನ್ನು ವಿವರವಾಗಿಯೇ ಬರೆಯುತ್ತೇನೆ. ಮನೆಯಲ್ಲಿ ಕಾರಿರುವ ಓದುಗರಿಗೆ ಉಪಯೋಗವಾದೀತು. ಬಕೆಟ್ಟು ಎರಡು ಬೇಕು. ಒಂದರಲ್ಲಿ ಕಾರಿಗೆಂದೇ ಮಾಡಿದ ಸೋಪು ಕದಡಿದ ನೀರು, ಇನ್ನೊಂದರಲ್ಲಿ ಬರಿಯ ನೀರು. ಸೋಪಿನಲ್ಲಿ ಅದ್ದಿದ ಬಟ್ಟೆ ಒಂದು ಭಾಗವನ್ನು ಒರೆಸಿದ ಮೇಲೆ ಮತ್ತೆ ಸೋಪಿಗೆ ಹೋಗಕೂಡದು. ಮೊದಲು ಬರಿಯ ನೀರಿನಲ್ಲಿ ಮುಳುಗಿ ಮಣ್ಣನ್ನು ಅಲ್ಲಿ ಬಿಟ್ಟು ಬರಬೇಕು. “ಒಂದು ಸೋಪಿಗೆ, ಒಂದು ಕೊಳೆಗೆ. ಎರಡನ್ನೂ ಒಂದೇ ಬಕೆಟ್ಟಿಗೆ ಹಾಕಿದರೆ ಕೊಳೆಯನ್ನೇ ಬಳಿದಂತೆ” ಎಂದರು ಅಪ್ಪ. ಈಗಿನ ಕಾಲದವರು ಇದಕ್ಕೆ ‘ಎರಡು ಬಕೆಟ್ಟಿನ ವಿಧಾನ’ವೆಂದು ನಾಮಕರಣ ಮಾಡಿ ಬೋಧಿಸುತ್ತಾರೆಂಬುದು ಅವರಿಗೆ ತಿಳಿಯದು. ಮೊದಲು ಒಂದು ಚೊಂಬಿನಿಂದ ಮೇಲೆಲ್ಲ ನೀರು ಹನಿಸಿ ಧೂಳನ್ನು ನೆನೆಯಬಿಡಬೇಕು. ಒಣಗಿದ ಮೈಯನ್ನು ಮುಟ್ಟಲೇಬಾರದು. ಮಾಡಿನಿಂದ ಮೊದಲುಮಾಡಿ ಕೆಳಕ್ಕೆ ಇಳಿಯಬೇಕು. ಬಾಗಿಲುಗಳ ಕೆಳಭಾಗದಲ್ಲಿ ರಸ್ತೆಯ ಮರಳು ಹೆಚ್ಚು, ಅದನ್ನು ಮುಟ್ಟಿದ ಬಟ್ಟೆ ಮತ್ತೆ ಮೇಲಕ್ಕೆ ಏರಕೂಡದು. ಚಕ್ರಗಳಿಗೆ ಬೇರೆಯೇ ಬಟ್ಟೆ. ಕೈ ಸುತ್ತಿಸಿ ಒರೆಸಬಾರದು, ನೇರವಾಗಿ ಎಳೆಯಬೇಕು. ಬಟ್ಟೆ ಕೈಜಾರಿ ನೆಲಕ್ಕೆ ಬಿದ್ದರೆ ಆ ದಿನಕ್ಕೆ ಅದರ ಕೆಲಸ ಮುಗಿಯಿತು. ನನ್ನದು ಎರಡು ಸಲ ಬಿತ್ತು. ಎರಡು ಸಲವೂ ಅಪ್ಪ ಮಾತಾಡದೆ ಬೇರೊಂದನ್ನು ನೀಡಿದರು.

ನೀರು ಡ್ರಮ್ಮಿನ ಮಳೆನೀರು. ಅದು ಮೃದು, ಸುಣ್ಣದಂಶವಿಲ್ಲ. ಒಣಗಿದರೂ ವಿಭೂತಿ ಉಳಿಯಲಿಲ್ಲ. ಫೆಬ್ರವರಿಯ ಹಳೆಯ ಬಿಳಿಯ ಚುಕ್ಕೆಗಳಿಗೆ ಅಪ್ಪ ಒಳಗಿನಿಂದ ವಿನೆಗರ್ ತರಿಸಿ, ನೀರು ಬೆರೆಸಿ, ಒರೆಸಿ, ಕೂಡಲೇ ಚೆನ್ನಾಗಿ ತೊಳೆಸಿದರು. ಮುಕ್ಕಾಲು ಪಾಲು ಹೋದವು. ಬಾಗಿಲು ತೆರೆಸಿ ಕೆಳಗಿನ ಅಂಚಿನಲ್ಲಿರುವ ಸಣ್ಣ ರಂಧ್ರಗಳನ್ನು ತೋರಿಸಿದರು. ಗಾಜಿನ ಸಂದಿಯಿಂದ ಬಾಗಿಲೊಳಗೆ ಇಳಿದ ನೀರು ಹೊರಗೆ ಹೋಗುವ ದಾರಿ ಅದೇ. ಅದು ಮಣ್ಣು ಕಟ್ಟಿದರೆ ನೀರು ಒಳಗೇ ನಿಂತು ಬಾಗಿಲು ಒಳಗಿನಿಂದ ತುಕ್ಕು ತಿನ್ನುತ್ತದೆ. ಹೊರಗೆ ಎಷ್ಟು ಹೊಳೆದರೇನು! ಕಡ್ಡಿಯಿಂದ ನಾಲ್ಕನ್ನೂ ಬಿಡಿಸಿದೆ. ಎಡಗಡೆಯದರಿಂದ ಎರಡು ಹಿಡಿ ಕೆಸರುನೀರು ಸುರಿಯಿತು. ಮೊದಲನೆಯ ಯಜಮಾನರ ಕಾಲದ್ದಿರಬೇಕು.

ಕೊನೆಗೆ ಮೇಣ. ಕಾರಿನ ಮೇಣಗಳಲ್ಲಿ ಶ್ರೇಷ್ಠವೆಂದು ಹೆಸರಾದದ್ದು ಕಾರ್ನೌಬಾ, ಬ್ರೆಜಿಲ್ ದೇಶದ ಒಂದು ಜಾತಿಯ ತಾಳೆಯ ಎಲೆಗಳಿಂದ ತೆಗೆಯುವಂಥದು. ಗೋಡಂಬಿಯೂ ಆ ದೇಶದಿಂದಲೇ ಬಂದದ್ದು. ನಾವು ಅದನ್ನು ತಿನ್ನುತ್ತೇವೆ, ಇದನ್ನು ಕಾರಿಗೆ ಬಳಿಯುತ್ತೇವೆ. ತೆಳ್ಳಗೆ ಹಚ್ಚಿ, ಮಂಜಾದ ಮೇಲೆ ಒರೆಸುವಾಗ ಅಪ್ಪ ನನ್ನ ಬಟ್ಟೆಯನ್ನು ತಿರುವಿ ನೋಡಿದರು. “ಬಣ್ಣ ಹತ್ತಲಿಲ್ಲವಲ್ಲ!” ಎಂದು ಅವರಿಗೆ ಸೋಜಿಗ. ಅಂಬಾಸಿಡರಿಗೆ ಮೇಲೆ ಪಾರದರ್ಶಕ ಲೇಪವಿರಲಿಲ್ಲ. ಪಾಲಿಷು ತಿಕ್ಕಿದರೆ ಬಣ್ಣವೇ ಅಷ್ಟಷ್ಟು ಬಟ್ಟೆಗೆ ಬರುತ್ತಿತ್ತು. “ಮೂವತ್ತು ವರ್ಷ ತಿಕ್ಕಿ ತಿಕ್ಕಿ ಎರಡು ಸಲ ಬಣ್ಣ ಹೊಡೆಸಬೇಕಾಯಿತು. ವಕೀಲರು ನಗುತ್ತಿದ್ದರು, ನೀನು ತೊಳೆಯೋದಲ್ಲ ಕಣೋ, ಸವೆಸೋದು, ಎಂದು.” ಅಂಬಾಸಿಡರು ಹುಟ್ಟುವುದೇ 2014ರಲ್ಲಿ ನಿಂತುಹೋಯಿತು. ವಕೀಲರು ಅದಕ್ಕೂ ಮೊದಲೇ ಹೋದರು. ಅವರ ಮಕ್ಕಳು ಕಾರನ್ನು ತೂಕಕ್ಕೆ ಹಾಕಿದರು. ಅಪ್ಪ ಅಂದು ಊಟ ಮಾಡಲಿಲ್ಲವೆಂದು ಅಮ್ಮ ಹೇಳುತ್ತಿದ್ದರು.

ಆ ಕಾರಿನ ಹಿಂದಿನ ಆಸನದಲ್ಲಿ ನಾನು ವರ್ಷಕ್ಕೊಮ್ಮೆ ಕೂರುತ್ತಿದ್ದೆ. ಆಯುಧಪೂಜೆಯ ದಿನ ಕಾರಿಗೆ ಅರಿಸಿನ ಕುಂಕುಮವಿಟ್ಟು, ಸೇವಂತಿಗೆಯ ಹಾರ ಹಾಕಿ, ಚಕ್ರದ ಕೆಳಗೆ ನಿಂಬೆಹಣ್ಣಿರಿಸಿ, ಬೂದುಗುಂಬಳ ಒಡೆದ ಮೇಲೆ ವಕೀಲರು ಬೀಗದ ಕೈಯನ್ನು ಅಪ್ಪನಿಗೇ ಕೊಟ್ಟು, “ಮಕ್ಕಳನ್ನು ಬೆಟ್ಟಕ್ಕೆ ಕರೆದುಕೊಂಡು ಹೋಗಿ ಬಾ” ಎನ್ನುತ್ತಿದ್ದರು. ಹತ್ತುವ ಮೊದಲು ಅಪ್ಪ ನಮ್ಮ ಕಾಲು ತೊಳೆಸುತ್ತಿದ್ದರು. ಚಾಮುಂಡಿಬೆಟ್ಟದ ತಿರುವುಗಳಲ್ಲಿ ನಾನು ಕಿಟಕಿಯಿಂದ ಕೈ ಹೊರಚಾಚಿ, ಯಾರಾದರೂ ಸಹಪಾಠಿಗಳು ನೋಡಲಪ್ಪಾ ಎಂದು ಹಾರೈಸುತ್ತಿದ್ದೆ. ಅದೇ ಕಾರನ್ನು ಅಪ್ಪ ತೊಳೆಯುವಾಗ ಮಾತ್ರ ಯಾರೂ ನೋಡದಿರಲಿ ಎಂದು ವಕೀಲರ ಮನೆಯ ಬೀದಿಯನ್ನೇ ಬಳಸಿ ಶಾಲೆಗೆ ಹೋಗುತ್ತಿದ್ದೆ. ಬಳಸುದಾರಿ ಅರ್ಧ ಮೈಲಿ ಹೆಚ್ಚು.

ಆರು ಗಂಟೆ ದಾಟಿತ್ತು. ನಾನು ಬಿಡಿಸಿದ್ದ ಹುಡುಗ ಬಕೆಟ್ಟು ಹಿಡಿದು ಬೀದಿಯಲ್ಲಿ ಹೋಗುತ್ತಿದ್ದ. ನನ್ನನ್ನು ಕಂಡು ತಲೆ ತಗ್ಗಿಸಿದ. “ಇವನೇ ಹಿಂದೆ ತೊಳೆಯುತ್ತಿದ್ದವನು. ಗೆರೆಗಳೆಲ್ಲ ಇವನವೇ” ಎಂದು ಅಪ್ಪನ ಕಿವಿಯಲ್ಲಿ ದೂರಿದೆ. ಅಪ್ಪ ಅವನನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಂಡರು.

“ಎಷ್ಟು ಗಾಡಿ ಮಗ?”

“ಹದಿನಾಲ್ಕು ತಾತ.”

“ನೀರು ಎಷ್ಟು ಸಲ ಬದಲಾಯಿಸುತ್ತೀಯಾ?”

ಹುಡುಗ ನನ್ನ ಕಡೆ ನೋಡಿದ. ಹೇಳಲೋ ಬೇಡವೋ ಎಂಬಂತೆ. ಆಮೇಲೆ ಹೇಳಿದ. ಬೀದಿಯ ತುದಿಯ ಒಂದು ಮನೆಯವರು ಮಾತ್ರ ನಲ್ಲಿ ಮುಟ್ಟಲು ಬಿಡುತ್ತಾರೆ, ಅದೂ ಒಂದೇ ಬಕೆಟ್ಟು. ಉಳಿದವರೆಲ್ಲ ಮಲಗಿರುತ್ತಾರೆ, ಗೇಟಿಗೆ ಬೀಗ. ಹಾಗಾಗಿ ಆ ಒಂದು ಬಕೆಟ್ಟಿನಲ್ಲಿಯೇ ಹದಿನಾಲ್ಕೂ ಆಗಬೇಕು. ನಮ್ಮ ಮನೆ ಹನ್ನೊಂದನೆಯದು.

ಹತ್ತು ಕಾರುಗಳ ಮಣ್ಣನ್ನು ಹೊತ್ತ ನೀರು ನನ್ನ ಕಡುನೀಲಿಯ ಮೇಲೆ ಬಂದದ್ದು ಹೀಗೆ. ಎರಡು ತಿಂಗಳು ಅವನಿಗೆ ಹಣ ಕೊಟ್ಟೆ. ಒಂದು ಚೊಂಬು ನೀರು ಕೊಟ್ಟಿರಲಿಲ್ಲ. ನೀರೆಲ್ಲಿಂದ ತರುತ್ತೀಯಪ್ಪಾ ಎಂದು ಕೇಳಿಯೂ ಇರಲಿಲ್ಲ. ಅಪ್ಪ ನನ್ನನ್ನು ನೋಡಲಿಲ್ಲ. ಹುಡುಗನಿಗೆ ಡ್ರಮ್ಮನ್ನು ತೋರಿಸಿ, “ಇಲ್ಲಿಂದ ತಗೋ. ಎರಡು ಬಕೆಟ್ಟು ಇಟ್ಟುಕೋ. ಮಳೆ ಇರುವಷ್ಟು ದಿನ ಆಯಿತು, ಆಮೇಲೆ ಇವನನ್ನು ಕೇಳು” ಎಂದರು. ನನ್ನ ಮನೆಯ ನೀರನ್ನು ನನ್ನನ್ನು ಕೇಳದೆ ದಾನ ಮಾಡಿದ್ದಕ್ಕೆ ನನಗೇನೂ ಅನ್ನಿಸಲಿಲ್ಲ. ಡ್ರಮ್ಮು ಮಾಲೀಕರದೆಂಬುದು ಆಮೇಲೆ ನೆನಪಾಯಿತು. ಮಾಲೀಕರನ್ನು ಒಪ್ಪಿಸುವ ಕೆಲಸ ನನ್ನ ಪಾಲಿಗೆ ಬಂತು. ಒಪ್ಪಿದರು, ಅವರ ಕಾರನ್ನೂ ಅದೇ ನೀರಿನಲ್ಲಿ ತೊಳೆಯಬೇಕೆಂಬ ಕರಾರಿನ ಮೇಲೆ.

ಈಗ ವಾರದ ದಿನಗಳಲ್ಲಿ ಹುಡುಗ ಬರುತ್ತಾನೆ. ಏಳುನೂರು ಕೊಡುತ್ತೇನೆ. ಭಾನುವಾರ ನಾನೇ ತೊಳೆಯುತ್ತೇನೆ, ನೆರಳಿರುವ ಹೊತ್ತಿನಲ್ಲಿ, ಎರಡು ಬಕೆಟ್ಟಿನಲ್ಲಿ. ಹಳೆಯ ಗೆರೆಗಳು ಹೋಗಿಲ್ಲ. ಅವನ್ನು ತೆಗೆಯಲು ಮೇಲಿನ ಲೇಪವನ್ನು ಯಂತ್ರದಿಂದ ಕೊಂಚ ಸವೆಸಬೇಕಂತೆ. ಇರುವುದೇ ಅಷ್ಟು ತೆಳು, ಇರಲಿ ಬಿಡು ಎಂದು ಬಿಟ್ಟಿದ್ದೇನೆ. ಎದುರುಮನೆಯ ಅಧಿಕಾರಿಗಳು ಒಂದು ಭಾನುವಾರ ನಿಂತು, “ಯಾರ ಹತ್ತಿರ ಕಲಿತಿರಿ ಮೇಷ್ಟ್ರೇ, ಇಷ್ಟು ಅಚ್ಚುಕಟ್ಟು?” ಎಂದು ಕೇಳಿದರು. “ನಮ್ಮ ತಂದೆಯವರು ಡ್ರೈವರಾಗಿದ್ದರು” ಎಂದೆ. ಅವರು “ಓಹೋ, ಹಾಗಾದರೆ ಸರಿ. ನಮ್ಮ ಗಾಡಿಯನ್ನೂ ಒಮ್ಮೆ ನೋಡಲು ಹೇಳಿ” ಎಂದು ನಡೆದರು. ಇಷ್ಟೇ. ಇಷ್ಟಕ್ಕೆ ಇಪ್ಪತ್ತೈದು ವರ್ಷ.

ಆ ಸಲ ಅಪ್ಪ ಹೊರಟ ದಿನ ಅವರನ್ನು ಮೈಸೂರು ರಸ್ತೆಯ ಸ್ಯಾಟಲೈಟ್ ಬಸ್ ನಿಲ್ದಾಣಕ್ಕೆ ಕಾರಿನಲ್ಲೇ ಕರೆದೊಯ್ದೆ. ಹಿಂದಿನ ಬಾಗಿಲನ್ನು ತೆರೆದು ನಿಂತೆ. ಅಪ್ಪ ಅದನ್ನು ಮುಚ್ಚಿ, ಮುಂದಿನದನ್ನು ತಾವೇ ತೆರೆದುಕೊಂಡು ನನ್ನ ಪಕ್ಕದಲ್ಲಿ ಕುಳಿತರು. ದಾರಿಯುದ್ದಕ್ಕೂ ಅವರ ಬಲಗಾಲು ನನಗಿಂತ ಒಂದು ಕ್ಷಣ ಮೊದಲೇ ಬ್ರೇಕು ಒತ್ತುತ್ತಿತ್ತು. ನಿಲ್ದಾಣದಲ್ಲಿ ಇಳಿದು, ಚೀಲವನ್ನು ಹೆಗಲಿಗೇರಿಸಿ, ಬಸ್ಸಿನ ಕಡೆಗೆ ಎರಡು ಹೆಜ್ಜೆ ಹೋದವರು ಹಿಂತಿರುಗಿ ಬಂದರು. ಕಾರಿನ ಹಿಂದಕ್ಕೆ ಹೋಗಿ ಬಗ್ಗಿ, ಡಿಕ್ಕಿಯ ಹಿಡಿಯ ಕೆಳಗೆ ತೋರುಬೆರಳನ್ನು ಎಳೆದು, ಕಪ್ಪಾದ ಬೆರಳನ್ನು ನನ್ನ ಮುಖದ ಮುಂದೆ ಹಿಡಿದರು.

“ಇಲ್ಲಿ ಬಿಟ್ಟಿದ್ದೀಯಾ” ಎಂದರು.